ಬಡವರ ಪಾತ್ರೆ ದುಬಾರಿಯಾದ ಬಗೆ

ಅಮೆರಿಕದ ಪಾತ್ರೆ ಅಂಗಡಿಗಳಲ್ಲಿ ಇವತ್ತು ಎರಡು ಪಾತ್ರೆಗಳು ಅಕ್ಕಪಕ್ಕದಲ್ಲೇ ಮಾರಾಟಕ್ಕಿರುತ್ತವೆ. ಎರಡೂ ಬೀಡಿನವು, ಅಂದರೆ ನಮ್ಮ ದೋಸೆ ಕಾವಲಿಯ ಹಾಗೆ ಎರಕ ಹೊಯ್ದ ಕಬ್ಬಿಣದವು. ಎರಡಕ್ಕೂ ಒಳಗೂ ಹೊರಗೂ ಎನಾಮಲ್ ಎಂಬ ಗಾಜಿನ ಲೇಪವಿದೆ. ಎರಡರಲ್ಲೂ ಐದು ಲೀಟರಿನಷ್ಟು ಅಡುಗೆ ಹಿಡಿಸುತ್ತದೆ. ಮುಚ್ಚಳ ಸೇರಿ ಖಾಲಿ ಪಾತ್ರೆಯೇ ಐದು ಕಿಲೋ ತೂಗುತ್ತದೆ. ಒಂದರ ಬೆಲೆ ಸುಮಾರು 80 ಡಾಲರ್. ಇನ್ನೊಂದರದು 400 ಡಾಲರಿನ ಸುತ್ತಮುತ್ತ. ಭಾರತದ ದೊಡ್ಡ ಮಾಲುಗಳಿಗೂ ಈ ಎರಡನೆಯ ಪಾತ್ರೆ ಈಗ ಬಂದಿದೆ, ಹತ್ತಾರು ಸಾವಿರ ರೂಪಾಯಿಯ ಚೀಟಿ ಅಂಟಿಸಿಕೊಂಡು.

ಅಷ್ಟು ದುಡ್ಡು ಕೊಟ್ಟು ಕೊಳ್ಳುವುದು ಸರಿಯೇ ಎಂಬ ಪ್ರಶ್ನೆಗೆ ಅಡುಗೆಯವರು ಒಂದು ಉತ್ತರ ಕೊಡುತ್ತಾರೆ, ಅಂಗಡಿಯವರು ಇನ್ನೊಂದು. ಇತಿಹಾಸದ ಬಳಿಯೂ ಒಂದು ಉತ್ತರವಿದೆ. ಅದನ್ನು ಕೇಳಲು ಮುನ್ನೂರು ವರ್ಷ ಹಿಂದೆ ಹೋಗಬೇಕು. ಯುರೋಪಿನಲ್ಲಿ ಬೀಡಿನ ಪಾತ್ರೆ ಮನೆಮನೆಗೂ ಬಂದದ್ದು ಅಗ್ಗ ಎಂಬ ಒಂದೇ ಕಾರಣಕ್ಕೆ.

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಒಳ್ಳೆಯ ಅಡುಗೆಪಾತ್ರೆಗಳು ಹಿತ್ತಾಳೆಯವು, ತಾಮ್ರದವು. ಅವು ಬಡವರ ಕೈಗೆ ಎಟುಕುವಂತಿರಲಿಲ್ಲ. ಬ್ರಿಸ್ಟಲ್ ನಗರದಲ್ಲಿ ಹಿತ್ತಾಳೆ ಕೆಲಸ ಮಾಡಿಸುತ್ತಿದ್ದ ಅಬ್ರಹಾಂ ಡಾರ್ಬಿ ಎಂಬ ಕ್ವೇಕರ್ ಪಂಥದ ಮನುಷ್ಯ ನೆದರ್ಲೆಂಡ್ಸಿಗೆ ಹೋಗಿ ಅಲ್ಲಿನವರು ಮರಳಿನ ಅಚ್ಚಿನಲ್ಲಿ ಹಿತ್ತಾಳೆ ಪಾತ್ರೆ ಹೊಯ್ಯುವುದನ್ನು ನೋಡಿಕೊಂಡು ಬಂದ. ಅದೇ ಮರಳಿನಲ್ಲಿ ಕಬ್ಬಿಣವನ್ನೇಕೆ ಹೊಯ್ಯಬಾರದು ಎಂಬುದು ಅವನ ಪ್ರಶ್ನೆ. ಆವರೆಗೆ ಕಬ್ಬಿಣದ ಪಾತ್ರೆಗೆ ಜೇಡಿಮಣ್ಣಿನ ಅಚ್ಚು ಕಟ್ಟಿ, ಒಣಗಿಸಿ, ಸುಟ್ಟು, ಆಮೇಲೆ ಎರಕ ಹೊಯ್ಯಬೇಕಿತ್ತು. ಒಂದೊಂದು ಪಾತ್ರೆಗೂ ದಿನಗಟ್ಟಲೆ ಕೆಲಸ. ಮರಳಾದರೆ ಅಚ್ಚು ಒತ್ತು, ಹೊಯ್ಯಿ, ಒಡೆದು ತೆಗೆ, ಅದೇ ಮರಳಿನಲ್ಲಿ ಮತ್ತೊಂದು ಒತ್ತು.

ಮೊದಮೊದಲ ಪ್ರಯತ್ನಗಳು ಕೆಟ್ಟವು. ಕೊನೆಗೆ ಜಾನ್ ಥಾಮಸ್ ಎಂಬ ಹುಡುಗನ ಜೊತೆ ಸೇರಿ ಮಾಡಿದ ಎರಕ ಕೂಡಿಬಂತು. ಗುಟ್ಟು ಹೊರಗೆ ಹೋಗಬಾರದೆಂದು ಇಬ್ಬರೂ ಬಾಗಿಲು ಹಾಕಿಕೊಂಡು, ಬೀಗದ ಕಿಂಡಿಯನ್ನೂ ಮುಚ್ಚಿ ಕೆಲಸ ಮಾಡಿದರು ಎಂಬ ಕಥೆ ಉಳಿದಿದೆ. 1707ರಲ್ಲಿ ಡಾರ್ಬಿಗೆ ಪೇಟೆಂಟ್ ಸಿಕ್ಕಿತು. ಇಂಥ ಪಾತ್ರೆ ಬಳಸುವವರು ಹೆಚ್ಚಾಗಿ ಬಡವರೇ ಆದ್ದರಿಂದ ಈ ವಿಧಾನದಿಂದ ಅವರಿಗೆ ಅನುಕೂಲ ಎಂಬ ಮಾತು ಆ ಪೇಟೆಂಟಿನಲ್ಲೇ ಇದೆ. ಪಾತ್ರೆಯ ಗಿರಾಕಿ ಯಾರು ಎಂಬುದರಲ್ಲಿ ಅಂದು ಯಾರಿಗೂ ಅನುಮಾನವಿರಲಿಲ್ಲ.

ಎರಡು ವರ್ಷದ ಮೇಲೆ, 1709ರಲ್ಲಿ, ಕೋಲ್‌ಬ್ರೂಕ್‌ಡೇಲ್ ಎಂಬಲ್ಲಿ ಡಾರ್ಬಿ ಇದ್ದಿಲಿನ ಬದಲು ಕೋಕ್ ಉರಿಸಿ ಕಬ್ಬಿಣದ ಅದಿರು ಕರಗಿಸಿದ. ಕೈಗಾರಿಕಾ ಕ್ರಾಂತಿಯ ಪುಸ್ತಕಗಳಲ್ಲೆಲ್ಲ ಈ ವರ್ಷ ದಪ್ಪಕ್ಷರದಲ್ಲಿರುತ್ತದೆ. ಉಗಿಯಂತ್ರಗಳ ಸಿಲಿಂಡರುಗಳು, 1779ರಲ್ಲಿ ಅವನ ಮೊಮ್ಮಗ ಕಟ್ಟಿಸಿದ ಕಬ್ಬಿಣದ ಸೇತುವೆ ಎಲ್ಲವೂ ಅಲ್ಲಿಂದ ಮುಂದೆ ಬಂದವು. ಆದರೆ ಕೋಕಿನ ಕುಲುಮೆಯ ಮೊದಲ ಸರಕು ಸೇತುವೆಯೂ ಅಲ್ಲ, ಯಂತ್ರವೂ ಅಲ್ಲ, ಅಡುಗೆಮನೆಯ ಹೊಟ್ಟೆಪಾತ್ರೆ. ಕೋಕಿನಿಂದ ಬಂದ ಬೀಡಿನಲ್ಲಿ ಸಿಲಿಕಾನ್ ಅಂಶ ಹೆಚ್ಚು. ಅದು ನೀರಿನಂತೆ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಹಾಗಾಗಿ ತೆಳ್ಳಗಿನ ಗೋಡೆಯ ಪಾತ್ರೆ ಹೊಯ್ಯಲು ಸಾಧ್ಯವಾಯಿತು. ಕಬ್ಬಿಣ ಕಡಿಮೆ, ಬೆಲೆಯೂ ಕಡಿಮೆ.

ಬೀಡಿನ ಪಾತ್ರೆ ಇಂಗ್ಲೆಂಡಿನಲ್ಲಿ ಹುಟ್ಟಿತು ಎಂದು ಯಾರೂ ತಿಳಿಯಬೇಕಿಲ್ಲ. ಚೀನೀಯರು ಕ್ರಿಸ್ತಪೂರ್ವ 5ನೆಯ ಶತಮಾನದಲ್ಲೇ ಕಬ್ಬಿಣವನ್ನು ಕರಗಿಸಿ ಎರಕ ಹೊಯ್ಯುತ್ತಿದ್ದರು. ಶುದ್ಧ ಕಬ್ಬಿಣ ಕರಗಬೇಕಾದರೆ 1538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅದಕ್ಕೆ ನೂರಕ್ಕೆ ನಾಲ್ಕರಷ್ಟು ಇಂಗಾಲ ಸೇರಿದರೆ 1150ರ ಸುಮಾರಿಗೇ ಕರಗುತ್ತದೆ. ಇದೇ ಬೀಡು. ಬಡಿದು ಬಗ್ಗಿಸಲು ಬಾರದು, ಬಿದ್ದರೆ ಒಡೆಯುತ್ತದೆ, ಆದರೆ ಯಾವ ಆಕಾರಕ್ಕೆ ಬೇಕಾದರೂ ಹೊಯ್ಯಬಹುದು. ಡಾರ್ಬಿ ಕಂಡುಹಿಡಿದದ್ದು ಬೀಡನ್ನಲ್ಲ, ಅಗ್ಗದ ದಾರಿಯನ್ನು.

ಅಗ್ಗವಾದರೂ ಅದು ಕಸಕ್ಕೆ ಎಸೆಯುವ ವಸ್ತುವಾಗಿರಲಿಲ್ಲ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನನ ತಾಯಿ ಮೇರಿ ವಾಷಿಂಗ್ಟನ್ 1788ರಲ್ಲಿ ಬರೆಸಿದ ಉಯಿಲಿನಲ್ಲಿ ತನ್ನ ಅಡುಗೆಮನೆಯ ಕಬ್ಬಿಣದ ಸಾಮಾನನ್ನು ಮೊಮ್ಮಕ್ಕಳಿಬ್ಬರಿಗೆ ಅರ್ಧರ್ಧ ಹಂಚಿದ್ದಾಳೆ. ಜಮೀನಿನ ಪಕ್ಕದಲ್ಲೇ ಪಾತ್ರೆಯನ್ನೂ ಉಯಿಲಿಗೆ ಸೇರಿಸಬೇಕೆಂದು ಆ ಮುದುಕಿಗೆ ಅನಿಸಿತ್ತು. ಎಣ್ಣೆ ಸವರಿ ಪಳಗಿಸಿದ ಬೀಡು ತಲೆಮಾರುಗಳನ್ನು ದಾಟುತ್ತದೆ. ತುಕ್ಕು ಹಿಡಿದರೆ ಉಜ್ಜಿ ತೆಗೆದು ಮತ್ತೆ ಪಳಗಿಸಿದರಾಯಿತು. ಈ ಮಾತನ್ನು ನೆನಪಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಬೀಡಿಗೆ ಇದ್ದ ದೊಡ್ಡ ಕೊರತೆ ಹುಳಿ. ಕಬ್ಬಿಣದ ಬಾಣಲೆಯಲ್ಲಿ ಹುಣಸೆ ರಸ ಕುದಿಸಿದವರಿಗೆ ಇದು ಹೊಸತಲ್ಲ: ಸಾರು ಕಪ್ಪಾಗುತ್ತದೆ, ನಾಲಿಗೆಗೆ ಕಬ್ಬಿಣದ ಒಗರು ಹತ್ತುತ್ತದೆ. ತಾಮ್ರ ಹಿತ್ತಾಳೆಗಳಲ್ಲಿ ಇದಕ್ಕಿಂತ ಕೆಟ್ಟದ್ದು ಆಗುತ್ತದೆ, ಕಿಲುಬು ವಿಷ. ನಮ್ಮಲ್ಲಿ ಅದಕ್ಕೆ ಕಂಡುಕೊಂಡ ಉಪಾಯ ಕಲಾಯಿ. ಕಲಾಯಿಯವನು ತಿದಿ ಹೂಡಿ, ಪಾತ್ರೆ ಕಾಯಿಸಿ, ನವಸಾಗರ ಹಾಕಿ ಉಜ್ಜಿ, ಬಟ್ಟೆಯ ಉಂಡೆಯಿಂದ ತವರವನ್ನು ಒಳಗೆಲ್ಲ ಸವರುತ್ತಿದ್ದ. ಯುರೋಪಿನಲ್ಲೂ ತಾಮ್ರದ ಪಾತ್ರೆಗೆ ತವರದ ಲೇಪವೇ ಇತ್ತು. ಅದು ಸವೆದಾಗ ಮತ್ತೆ ಮಾಡಿಸದೆ ಕಷ್ಟಪಟ್ಟವರೂ ಇದ್ದರು. 18ನೆಯ ಶತಮಾನದ ಯುರೋಪಿನಲ್ಲಿ ತಾಮ್ರದ ಪಾತ್ರೆಯ ಭಯ ಹರಡಿದಾಗ, ಕಬ್ಬಿಣಕ್ಕೆ ಗಾಜಿನ ಕಲಾಯಿ ಹಾಕಲು ಆದೀತೇ ಎಂದು ಲೋಹತಜ್ಞರು ಪ್ರಯೋಗಕ್ಕೆ ಇಳಿದರು. ಸ್ವೀಡನ್ನಿನ ಸ್ವೆನ್ ರಿನ್‌ಮನ್ ಅವರಲ್ಲೊಬ್ಬ.

ಚಿನ್ನ ಬೆಳ್ಳಿಯ ಒಡವೆಗೆ ಬಣ್ಣದ ಗಾಜು ಕೂಡಿಸುವ ಮೀನಾಕಾರಿ ಕಲೆ ಸಾವಿರಾರು ವರ್ಷ ಹಳೆಯದು. ಕಬ್ಬಿಣದ ಮೇಲೆ ಅದನ್ನು ನಿಲ್ಲಿಸುವುದು ಬೇರೆಯೇ ಕಷ್ಟ. ಮರಳು, ಬಿಳಿಗಾರ, ಫೆಲ್ಡ್‌ಸ್ಪಾರ್ ಮೊದಲಾದವನ್ನು ಕರಗಿಸಿ, ತಣ್ಣೀರಿಗೆ ಸುರಿದು ಪುಡಿಮಾಡಿ, ಆ ಪುಡಿಯನ್ನು ನೀರಿನಲ್ಲಿ ಕದಡಿ ಪಾತ್ರೆಗೆ ಬಳಿದು, ಸುಮಾರು 800 ಡಿಗ್ರಿಯಲ್ಲಿ ಸುಡಬೇಕು. ಕಾದಾಗ ಕಬ್ಬಿಣ ಹಿಗ್ಗುತ್ತದೆ, ಗಾಜೂ ಹಿಗ್ಗುತ್ತದೆ. ಎರಡರ ಹಿಗ್ಗುವಿಕೆ ಹೊಂದದಿದ್ದರೆ ಆರುವಾಗ ಗಾಜು ಚಟಚಟನೆ ಬಿರಿಯುತ್ತದೆ. ಬೀಡಿನೊಳಗಿನ ಇಂಗಾಲ ಅನಿಲವಾಗಿ ಹೊರಬಂದು ಗಾಜಿನಲ್ಲಿ ಗುಳ್ಳೆ ಎಬ್ಬಿಸುತ್ತದೆ. ಅದಕ್ಕೇ ಮೊದಲು ಕಬ್ಬಿಣವನ್ನು ಕಚ್ಚಿಹಿಡಿಯುವ ಅಡಿಲೇಪ, ಅದರ ಮೇಲೆ ಬಣ್ಣದ ಲೇಪ, ಪ್ರತಿ ಸಲವೂ ಮತ್ತೆ ಕುಲುಮೆ. ಈ ಹೊಂದಾಣಿಕೆಯನ್ನು ಸಾಧಿಸಲು ಯುರೋಪಿಗೆ ಒಂದು ಶತಮಾನವೇ ಹಿಡಿಯಿತು. ನಡುವೆ ಗಾಜು ಬೇಗ ಕರಗಲೆಂದು ಸೀಸ ಬೆರೆಸಿದವರೂ ಇದ್ದರು. ಆ ಸೀಸ ಹುಳಿ ಅಡುಗೆಗೂ ಇಳಿಯಿತು, ಪುಡಿ ಬಳಿಯುತ್ತಿದ್ದ ಕೂಲಿಗಳ ಮೈಗೂ ಸೇರಿತು.

19ನೆಯ ಶತಮಾನದ ಕೊನೆಗೆ ಎನಾಮಲ್ ಮತ್ತೆ ಅಗ್ಗದ ದಾರಿ ಹಿಡಿಯಿತು. ತೆಳು ಉಕ್ಕಿನ ತಗಡಿಗೆ ಬಿಳಿ ಎನಾಮಲ್ ಹಾಕಿದ ತಟ್ಟೆ, ಲೋಟ, ಬೇಸಿನ್ನುಗಳು ಯುರೋಪಿನ ಕಾರ್ಖಾನೆಗಳಿಂದ ಜಗತ್ತಿಗೆಲ್ಲ ಹಂಚಿಹೋದವು. ನೀಲಿ ಅಂಚಿನ ಆ ಬಿಳಿ ತಟ್ಟೆಯನ್ನು ಆಸ್ಪತ್ರೆಗಳಲ್ಲಿ, ಹಾಸ್ಟೆಲುಗಳಲ್ಲಿ, ಹಳೆಯ ಮನೆಗಳ ಅಟ್ಟದಲ್ಲಿ ನಮ್ಮವರೂ ಕಂಡಿದ್ದಾರೆ. ಕೈತಪ್ಪಿ ಬಿದ್ದರೆ ಚಕ್ಕೆ ಎದ್ದು, ಕಪ್ಪು ಮಚ್ಚೆಯಾಗಿ, ಆ ಮಚ್ಚೆಯಿಂದಲೇ ತುಕ್ಕು ಶುರುವಾಗುತ್ತಿತ್ತು. ಎನಾಮಲ್ ಎಂದರೆ ಆಗ ಘನತೆಯ ವಸ್ತುವಲ್ಲ.

ಘನತೆ ಬಂದದ್ದು ಫ್ರಾನ್ಸಿನಲ್ಲಿ, ಮೊದಲ ಮಹಾಯುದ್ಧ ಮುಗಿದ ಮೇಲೆ. ಉತ್ತರ ಫ್ರಾನ್ಸಿನ ಸೇಂಟ್ ಕ್ವಾಂಟಿನ್ ಸುತ್ತಲಿನ ನಾಡು ಯುದ್ಧದಲ್ಲಿ ನುಚ್ಚುನೂರಾಗಿತ್ತು. ಅಲ್ಲಿಗೆ ಹತ್ತಿರದ ಫ್ರೆನ್ವಾ ಲ ಗ್ರಾಂ ಎಂಬ ಊರಿನಲ್ಲಿ 1925ರಲ್ಲಿ ಬೆಲ್ಜಿಯಮ್ಮಿನ ಇಬ್ಬರು ಸೇರಿ ಒಂದು ಎರಕದ ಕಾರ್ಖಾನೆ ತೆರೆದರು. ಅರ್ಮಾಂ ದೆಸಾಗರ್ ಎರಕ ಬಲ್ಲವನು, ಒಕ್ತಾವ್ ಓಬೆಕ್ ಎನಾಮಲ್ ಬಲ್ಲವನು. ಕಬ್ಬಿಣ, ಕೋಕ್, ಮರಳು ಸಾಗಿಸಲು ಅನುಕೂಲವಾದ ಜಾಗ ಎಂದು ಆ ಊರನ್ನು ಆರಿಸಿದ್ದರು. ಕಾರ್ಖಾನೆಗೆ ಇಟ್ಟ ಹೆಸರು ಲ ಕ್ರೂಸೆ, ಅಂದರೆ ಮೂಸೆ. ಲೋಹ ಕರಗಿಸುವ ಪಾತ್ರೆ. ಮೊದಲ ಬಣ್ಣ ಬೆಂಕಿಯ ಕಿತ್ತಳೆ. ಮೂಸೆಯಲ್ಲಿ ಕುದಿಯುವ ಬೀಡಿನ ಬಣ್ಣವನ್ನೇ ಪಾತ್ರೆಯ ಮೈಗೆ ತಂದರು ಎಂದು ಕಂಪನಿ ಹೇಳಿಕೊಳ್ಳುತ್ತದೆ.

ಆಕಾರದಲ್ಲಿ ಅದು ಹೊಸದೇನಲ್ಲ. ಕೊಕಾತ್ ಎಂದು ಫ್ರೆಂಚರು ಕರೆಯುವ ಆ ದುಂಡು ಮುಚ್ಚಳದ ಪಾತ್ರೆ ಹಳ್ಳಿಮನೆಗಳ ಒಲೆಯಲ್ಲಿ ಶತಮಾನಗಳಿಂದ ಇತ್ತು. ಗಟ್ಟಿ ಮಾಂಸವನ್ನು, ಕಾಳನ್ನು, ಗೆಡ್ಡೆಗಳನ್ನು ಸಣ್ಣ ಉರಿಯಲ್ಲಿ ಮೂರು ನಾಲ್ಕು ಗಂಟೆ ಬೇಯಿಸುವುದು ಬಡವರ ಅಡುಗೆ. ಎಳೆ ಮಾಂಸ ಕೊಳ್ಳಲಾರದವರು ಹೊತ್ತನ್ನು ಕೊಟ್ಟು ಮೆತ್ತಗೆ ಮಾಡಿಕೊಳ್ಳುತ್ತಿದ್ದರು. ದೆಸಾಗರ್ ಮತ್ತು ಓಬೆಕ್ ಸೇರಿಸಿದ್ದು ಬಣ್ಣ. ಒಲೆಯ ಮೇಲೆ ಕಪ್ಪಗೆ ಮುದುಡಿ ಕೂರುತ್ತಿದ್ದ ಪಾತ್ರೆ ಊಟದ ಮೇಜಿಗೆ ಬಂತು. ಅಡುಗೆಮನೆಯಿಂದ ಪಡಸಾಲೆಗೆ ಹಾಕಿದ ಆ ಹತ್ತು ಹೆಜ್ಜೆಯಲ್ಲೇ ಅದರ ಬೆಲೆ ಏರತೊಡಗಿತು ಎನ್ನಬಹುದು.

ಉಳಿದ ಏರಿಕೆ ಎರಡನೆಯ ಮಹಾಯುದ್ಧದ ನಂತರ ನಡೆಯಿತು. ಇಂಗ್ಲೆಂಡಿನಲ್ಲಿ 1954ರವರೆಗೂ ರೇಷನ್ ಇತ್ತು. ಬೆಣ್ಣೆ, ಮಾಂಸ ಎಲ್ಲಕ್ಕೂ ಅಳತೆ. ಆ ಬರಗಾಲದ ನಡುವೆ, 1950ರಲ್ಲಿ, ಎಲಿಜಬೆತ್ ಡೇವಿಡ್ ಎಂಬ ಲೇಖಕಿ ಮೆಡಿಟರೇನಿಯನ್ ಅಡುಗೆಯ ಬಗ್ಗೆ ಪುಸ್ತಕ ಬರೆದಳು. ನಿಂಬೆ, ಆಲಿವ್, ಬೆಳ್ಳುಳ್ಳಿಗಳ ಬಗ್ಗೆ ಓದುವುದೇ ಆಗ ಒಂದು ಊಟದ ಸುಖ. ಮುಂದೆ ಫ್ರೆಂಚ್ ಹಳ್ಳಿಯ ಅಡುಗೆಯನ್ನು ಬರೆದಳು. 1965ರಲ್ಲಿ ಲಂಡನ್ನಿನಲ್ಲಿ ಪಾತ್ರೆ ಅಂಗಡಿಯನ್ನೇ ತೆರೆದು ಫ್ರಾನ್ಸಿನಿಂದ ತರಿಸಿದ ಪಾತ್ರೆಗಳನ್ನು ಮಾರಿದಳು. ಅಮೆರಿಕದಲ್ಲಿ ಜೂಲಿಯಾ ಚೈಲ್ಡ್ ಸಹಲೇಖಕಿಯರೊಂದಿಗೆ 1961ರಲ್ಲಿ ಫ್ರೆಂಚ್ ಪಾಕಶಾಸ್ತ್ರದ ದೊಡ್ಡ ಗ್ರಂಥ ಹೊರತಂದಳು. 1963ರಲ್ಲಿ ಆಕೆಯ ಟಿವಿ ಕಾರ್ಯಕ್ರಮ ಶುರುವಾಯಿತು. ಮೊದಲ ಕಂತಿನಲ್ಲೇ ದ್ರಾಕ್ಷಾರಸದಲ್ಲಿ ಗಂಟೆಗಟ್ಟಲೆ ಬೇಯುವ ದನದ ಮಾಂಸದ ಅಡುಗೆ. ಫ್ರೆಂಚ್ ರೈತನ ಮನೆಯ ಪದಾರ್ಥ ಅಮೆರಿಕದ ಮಧ್ಯಮ ವರ್ಗದ ಭಾನುವಾರದ ಔತಣವಾಯಿತು. ಪದಾರ್ಥದ ಹಿಂದೆಯೇ ಪಾತ್ರೆಯೂ ಹೋಯಿತು.

ಕಂಪನಿಯೂ ಗಾಳಿ ಬಂದಾಗ ತೂರಿಕೊಂಡಿತು. 1553ರಷ್ಟು ಹಳೆಯದಾದ ಕೂಸಾಂಸ್ ಎಂಬ ಪ್ರತಿಸ್ಪರ್ಧಿ ಕಾರ್ಖಾನೆಯನ್ನು 1957ರಲ್ಲಿ ಕೊಂಡಿತು. ಮರುವರ್ಷ, ಕಾರು ರೈಲುಗಳಿಗೆ ರೂಪ ಕೊಟ್ಟು ಹೆಸರಾಗಿದ್ದ ರೇಮಂಡ್ ಲೋವಿಯಿಂದ ಒಂದು ಪಾತ್ರೆಗೆ ವಿನ್ಯಾಸ ಮಾಡಿಸಿತು. ವರ್ಷವರ್ಷಕ್ಕೂ ಹೊಸ ಬಣ್ಣ ಬಂತು. ಬಟ್ಟೆಯಂತೆ ಪಾತ್ರೆಗೂ ಫ್ಯಾಷನ್ ಹುಟ್ಟಿತು. 1999ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ನಟಿ ಮರ್ಲಿನ್ ಮನ್ರೋಗೆ ಸೇರಿದ್ದ ಹಳದಿ ಬಣ್ಣದ ಲ ಕ್ರೂಸೆ ಪಾತ್ರೆಗಳ ಒಂದು ಸೆಟ್ಟು 25,300 ಡಾಲರಿಗೆ ಹೋಯಿತು. ಅಷ್ಟು ಕೊಟ್ಟವರು ಅದರಲ್ಲಿ ಬೇಳೆ ಬೇಯಿಸಲಿಕ್ಕೆ ಕೊಂಡಿರಲಾರರು.

ಹೀಗೆ ಬೆಲೆಯೊಳಗೆ ಕಥೆ ಸೇರಿತು. ಹಾಗೆಂದು 400 ಡಾಲರಿನಲ್ಲಿ ಪೂರಾ ಕಥೆಯೇ ಇದೆ ಎಂದರೆ ಅನ್ಯಾಯವಾಗುತ್ತದೆ. ಫ್ರೆನ್ವಾದಲ್ಲಿ ಇವತ್ತಿಗೂ ಪ್ರತಿ ಪಾತ್ರೆಯನ್ನು ಒಂದೊಂದು ಮರಳಿನ ಅಚ್ಚಿನಲ್ಲೇ ಹೊಯ್ಯುತ್ತಾರೆ. ಪಾತ್ರೆ ಹೊರಬರಬೇಕಾದರೆ ಅಚ್ಚು ಒಡೆಯಲೇಬೇಕು. ಅಂಚು ಉಜ್ಜುವುದು, ಲೇಪ ಪರೀಕ್ಷಿಸುವುದು ಮನುಷ್ಯರ ಕೈಕೆಲಸ. ಗುಳ್ಳೆ, ಬಿರುಕು ಕಂಡ ಪಾತ್ರೆ ಮತ್ತೆ ಕುಲುಮೆಗೆ ಹೋಗುತ್ತದೆ. ಫ್ರಾನ್ಸಿನ ಕಾರ್ಮಿಕನ ಸಂಬಳ, ತಳ್ಳಿಹಾಕಿದ ಪಾತ್ರೆಗಳ ನಷ್ಟ ಎರಡೂ ಬೆಲೆಯಲ್ಲಿ ಕೂತಿವೆ. ಅಲ್ಸಾಸ್ ಪ್ರಾಂತದಲ್ಲಿ ಫ್ರಾನ್ಸಿಸ್ ಸ್ಟೌಬ್ 1974ರಲ್ಲಿ ಶುರುಮಾಡಿದ ಸ್ಟೌಬ್ ಪಾತ್ರೆಗಳೂ ಇದೇ ಬೆಲೆಯ ಸಾಲಿನಲ್ಲಿವೆ. ಇನ್ನೊಂದೆಡೆ, 1896ರಿಂದ ಟೆನೆಸಿ ರಾಜ್ಯದಲ್ಲಿ ಸಾದಾ ಬೀಡಿನ ಪಾತ್ರೆ ಮಾಡುತ್ತ ಬಂದ ಲಾಡ್ಜ್ ಕಂಪನಿ ಚೀನಾದಲ್ಲಿ ಎನಾಮಲ್ ಹಾಕಿಸಿ ತರಿಸಿದ ಪಾತ್ರೆಯನ್ನು ಐದನೆಯ ಒಂದು ಪಾಲು ಬೆಲೆಗೆ ಮಾರಿತು. ಕ್ರಿಸ್ತಪೂರ್ವದಲ್ಲೇ ಬೀಡು ಹೊಯ್ದ ನಾಡು ಅಗ್ಗದ ಪಾತ್ರೆಯ ಮೂಲಕ ಮತ್ತೆ ಈ ಕಥೆಯೊಳಗೆ ಬಂತು.

ಒಲೆಯ ಮೇಲೆ ಇಟ್ಟಾಗ ಈ ಎರಡಕ್ಕೂ ಎಷ್ಟು ವ್ಯತ್ಯಾಸ? ಬೀಡು ಶಾಖವನ್ನು ಹರಡುವುದರಲ್ಲಿ ದಡ್ಡ. ಅಲ್ಯುಮಿನಿಯಂ ಅದರ ನಾಲ್ಕು ಪಟ್ಟು, ತಾಮ್ರ ಸುಮಾರು ಎಂಟು ಪಟ್ಟು ಚುರುಕು. ಬೀಡಿನ ಗುಣ ಅದರ ತೂಕದಲ್ಲಿದೆ. ಐದು ಕಿಲೋ ಲೋಹ ಒಮ್ಮೆ ಕಾದರೆ ಬೇಗ ಆರುವುದಿಲ್ಲ, ತಣ್ಣನೆಯ ತರಕಾರಿ ಸುರಿದರೂ ಶಾಖ ಒಮ್ಮೆಲೇ ಇಳಿಯುವುದಿಲ್ಲ. ಈ ಗುಣಕ್ಕೆ ಕಂಪನಿಯ ಮುದ್ರೆ ಬೇಕಿಲ್ಲ. 80 ಡಾಲರಿನ ಐದು ಕಿಲೋಗೂ 400 ಡಾಲರಿನ ಐದು ಕಿಲೋಗೂ ಅದು ಒಂದೇ. ಬೇಯುವ ಅಡುಗೆಗೆ ಪಾತ್ರೆಯ ಊರು ಗೊತ್ತಾಗುವುದಿಲ್ಲ. ವ್ಯತ್ಯಾಸ ಇರುವುದು ಗಾಜಿನಲ್ಲಿ: ಲೇಪ ಎಷ್ಟು ನಯ, ಅಂಚಿನಲ್ಲಿ ಎಷ್ಟು ಪೂರ್ಣ, ಹತ್ತು ಹದಿನೈದು ವರ್ಷದ ಮೇಲೆ ಎಷ್ಟು ಉಳಿದಿರುತ್ತದೆ. ದುಬಾರಿ ಪಾತ್ರೆಗೆ ಇಲ್ಲಿ ನಿಜವಾದ ಮೇಲುಗೈ ಇದೆ, ಆದರೆ ಅದು ಐದು ಪಟ್ಟು ಇಲ್ಲ.

ಮೇರಿ ವಾಷಿಂಗ್ಟನ್ನಳ ಉಯಿಲನ್ನು ಈಗ ನೆನಪಿಸಿಕೊಳ್ಳಬೇಕು. ದುಬಾರಿ ಎನಾಮಲ್ ಪಾತ್ರೆಯನ್ನು ಮಾರುವವರ ಮುಖ್ಯ ವಾದ ಇದು ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ ಎಂಬುದು. ಆಕೆ ಮೊಮ್ಮಕ್ಕಳಿಗೆ ಬಿಟ್ಟುಹೋದ ಕಬ್ಬಿಣ ಲೇಪವಿಲ್ಲದ ಕಬ್ಬಿಣ. ಅದು ಕೆಟ್ಟರೆ ಮನೆಯಲ್ಲೇ ಸರಿಹೋಗುತ್ತದೆ. ತವರ 232 ಡಿಗ್ರಿಯಲ್ಲಿ ಕರಗುವುದರಿಂದ ಕಲಾಯಿಯನ್ನು ಬೀದಿಯಲ್ಲಿ ಕೂತು ಹಾಕಲು ಬಂತು. 800 ಡಿಗ್ರಿಯಲ್ಲಿ ಕೂಡಿದ ಗಾಜಿನ ಚಕ್ಕೆ ಎದ್ದರೆ ಅದನ್ನು ಸರಿಮಾಡುವವನು ಯಾವ ಬೀದಿಗೂ ಬರುವುದಿಲ್ಲ. ಎನಾಮಲ್ ಪಾತ್ರೆಯ ಆಯಸ್ಸು ಅದರ ಕಬ್ಬಿಣದ ಆಯಸ್ಸಲ್ಲ, ಗಾಜಿನ ಆಯಸ್ಸು. ಖಾಲಿ ಪಾತ್ರೆಯನ್ನು ದೊಡ್ಡ ಉರಿಯಲ್ಲಿ ಮರೆತರೆ, ಕಾದ ಪಾತ್ರೆಗೆ ತಣ್ಣೀರು ಸುರಿದರೆ, ಲೋಹದ ಸೌಟಿನಿಂದ ಅಂಚಿಗೆ ಬಡಿದರೆ ಎಷ್ಟೇ ಬೆಲೆಯದಾದರೂ ಗಾಜು ಗಾಜೇ. ತಲೆಮಾರು ದಾಟುವ ಪಾತ್ರೆ ಬೇಕೆಂದರೆ ಆ ಮಾತು ಹೆಚ್ಚು ಒಪ್ಪುವುದು ಅಗ್ಗದ, ಕಪ್ಪು, ಬರಿ ಬೀಡಿಗೆ.

ನಮ್ಮ ಅಡುಗೆಮನೆಯ ಲೆಕ್ಕ ಇನ್ನೂ ಬೇರೆ. ಬೀಡಿಗೆ ಗಾಜು ಹೊದಿಸಿದ್ದು ಒಂದೇ ಪಾತ್ರೆ ಶಾಖವನ್ನೂ ತಾಳಲಿ, ಹುಳಿಯನ್ನೂ ತಾಳಲಿ ಎಂದು. ನಮ್ಮ ಹಿರಿಯರು ಈ ಕಷ್ಟವನ್ನು ಎರಡು ಪಾತ್ರೆ ಇಟ್ಟುಕೊಂಡು ಬಗೆಹರಿಸಿದ್ದರು. ದೋಸೆ, ರೊಟ್ಟಿ, ಒಗ್ಗರಣೆಗೆ ಕಬ್ಬಿಣ. ಹುಳಿ, ಗೊಜ್ಜು, ಸಾರಿಗೆ ಮಣ್ಣಿನ ಗಡಿಗೆ ಅಥವಾ ಬಳಪದ ಕಲ್ಲಿನ ಕಲ್ಚಟ್ಟಿ. ಕಲ್ಚಟ್ಟಿಯೂ ಶಾಖ ಹಿಡಿದಿಡುತ್ತದೆ, ಒಲೆ ಆರಿಸಿದ ಮೇಲೂ ಹುಳಿ ಕೊತಕೊತ ಎನ್ನುತ್ತಿರುತ್ತದೆ. ಮೂರು ಗಂಟೆ ಸಣ್ಣ ಉರಿಯಲ್ಲಿ ಬೇಯಿಸುವ ಕೆಲಸವನ್ನು ಈಗ ಬಹುತೇಕ ಮನೆಗಳಲ್ಲಿ ಕುಕ್ಕರ್ ಅರ್ಧ ಗಂಟೆಯಲ್ಲಿ ಮುಗಿಸುತ್ತದೆ. ಕೊಕಾತ್ ಹುಟ್ಟಿದ್ದು ಇಡೀ ದಿನ ಉರಿಯುವ ಒಲೆಯಿದ್ದ ಮನೆಗೆ. ಅದರ ಈಗಿನ ಮನೆ ಓವನ್. ಓವನ್ ಇಲ್ಲದ ಅಡುಗೆಮನೆಯಲ್ಲಿ ಅದರ ಅರ್ಧ ವಿದ್ಯೆ ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ಮಾತು ಕಬ್ಬಿಣದ್ದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ಬರಿ ಬೀಡಿನಲ್ಲಿ ಅಡುಗೆ ಮಾಡಿದಾಗ, ಅದರಲ್ಲೂ ಹುಳಿ ಇರುವ ಅಡುಗೆಗೆ, ಪಾತ್ರೆಯ ಕಬ್ಬಿಣ ಒಂದಿಷ್ಟು ಇಳಿಯುತ್ತದೆ. ಸಾರನ್ನು ಕಪ್ಪು ಮಾಡುವುದೂ ಅದೇ, ಮೈಗೆ ಒಂದಿಷ್ಟು ಸೇರುವುದೂ ಅದೇ. ಇದು ಔಷಧಿಯಲ್ಲ, ರಕ್ತಹೀನತೆಗೆ ವೈದ್ಯರೇ ಬೇಕು. ಆದರೂ ಹತ್ತಾರು ಸಾವಿರ ಕೊಟ್ಟು ಕೊಳ್ಳುವ ಗಾಜಿನ ಲೇಪ ಈ ಚೂರು ಕಬ್ಬಿಣವನ್ನೂ ಒಳಗೇ ಕಟ್ಟಿಹಾಕುತ್ತದೆ ಎಂಬುದು ಲೆಕ್ಕಕ್ಕೆ ಬರಬೇಕಾದ ಸಂಗತಿ.

ಹಾಗಾದರೆ ಕೊಳ್ಳಬೇಕೇ? ಓವನ್ ಇದ್ದು, ವಾರಕ್ಕೊಮ್ಮೆಯಾದರೂ ಟೊಮೆಟೊ ಅಥವಾ ದ್ರಾಕ್ಷಾರಸದಲ್ಲಿ ನಿಧಾನವಾಗಿ ಬೇಯಿಸುವ ಅಡುಗೆ ಮಾಡುವವರಿಗೆ, ಮನೆಯಲ್ಲೇ ಬ್ರೆಡ್ ಸುಡುವವರಿಗೆ, ಎನಾಮಲ್ ಹಾಕಿದ ಬೀಡು ಒಳ್ಳೆಯ ಪಾತ್ರೆ. ಮೊದಲು ಅಗ್ಗದ್ದನ್ನು ಕೊಂಡು, ಅದರ ಗಾಜು ಸವೆಯುವಷ್ಟು ಬಳಸಿದವರು ಎರಡನೆಯದನ್ನು ದುಬಾರಿಯದೇ ಕೊಳ್ಳಲಿ; ಅವರ ದುಡ್ಡು ಕೆಲಸಕ್ಕೆ ಬರುತ್ತದೆ. ಉಳಿದವರು ಕೊಳ್ಳುವುದು ಬಣ್ಣವನ್ನು, ಫ್ರಾನ್ಸಿನ ಹಳ್ಳಿಯ ಕನಸನ್ನು. ಕನಸು ಕೊಳ್ಳುವುದು ತಪ್ಪೇನಲ್ಲ, ಪಾತ್ರೆಗೆ ಎಷ್ಟು ಕೊಟ್ಟೆ, ಕನಸಿಗೆ ಎಷ್ಟು ಕೊಟ್ಟೆ ಎಂಬ ಲೆಕ್ಕ ಗೊತ್ತಿದ್ದರೆ ಸಾಕು.

ಡಾರ್ಬಿ ಮರಳಿನಲ್ಲಿ ಪಾತ್ರೆ ಒತ್ತಿದ್ದು ಹಿತ್ತಾಳೆ ಕೊಳ್ಳಲಾಗದವರಿಗಾಗಿ. ಅವನ ಮರಳಿನ ಅಚ್ಚು ಮುನ್ನೂರು ವರ್ಷ ಕಳೆದರೂ ಹೆಚ್ಚು ಬದಲಾಗಿಲ್ಲ; ಬದಲಾದದ್ದು ಅಚ್ಚಿನಿಂದ ಹೊರಬಂದ ಪಾತ್ರೆ ಯಾರ ಮನೆಗೆ ಹೋಗುತ್ತದೆ ಎಂಬುದು. ಊರಿನ ಸಂತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಕಪ್ಪು ಬೀಡಿನ ಕಾವಲಿ ಮಾತ್ರ ಇನ್ನೂ ಹಳೆಯ ವಿಳಾಸಕ್ಕೇ ಹೋಗುತ್ತಿದೆ.